ಬಾಯಿಗಿಡುವ ಹಣ

ನಾನು ಊರಲ್ಲೇ ಇಲ್ಲದೆ ಹೋಗಬಹುದಿತ್ತು. ಊರಲ್ಲಿದ್ದರೂ ಮದನಪುರದ ಯಾವುದೋ ನೇಕಾರರ ಮನೆಯಲ್ಲಿ ಮಗ್ಗದ ಪಕ್ಕ ಕೂತು, ನಮ್ಮ ನೂಲಿನ ಎಳೆ ಕಡಿಯುತ್ತದೆಂಬ ದೂರಿಗೆ ಉತ್ತರ ಹೇಳುತ್ತಿದ್ದು, ಸುದ್ದಿ ನನ್ನನ್ನು ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿರಬಹುದಿತ್ತು. ಗಂಗೆ ಉಕ್ಕಿ ಕೇದಾರಘಾಟಿನ ಮೆಟ್ಟಿಲುಗಳನ್ನೆಲ್ಲ ನುಂಗಿ ಗಲ್ಲಿಗೆ ನುಗ್ಗಿರಬಹುದಿತ್ತು. ಸೆರಗಿನ ಗಂಟು ಸ್ನಾನದ ಹೊತ್ತಿಗೆ ಸಡಿಲಾಗಿ ಹಣ ನದಿಯ ಪಾಲಾಗಬಹುದಿತ್ತು. ಮಾಳಿಗೆಯಲ್ಲಿ ಒಣಹಾಕಿದ ಸೀರೆಯನ್ನೇ ಕೋತಿ ಎತ್ತಿಕೊಂಡು ಹೋಗಬಹುದಿತ್ತು. ಬಂಗಾಲಿ ಟೋಲಾದ ಕೋತಿಗಳಿಗೆ ಅಂಥ ಕೆಲಸ ಹೊಸದಲ್ಲ. ಕೊನೆಗಳಿಗೆಯಲ್ಲಿ ಗೋದಕ್ಕ ಹಲ್ಲು ಕಚ್ಚಿಕೊಂಡುಬಿಡಬಹುದಿತ್ತು. ಆಕೆಗೆ ಹಲ್ಲುಗಳೇ ಇರಲಿಲ್ಲ ಎಂಬ ಸಂಗತಿ ನನ್ನ ಈ ಚಿಂತೆಯನ್ನು ಎಳ್ಳಷ್ಟೂ ಕಡಿಮೆ ಮಾಡಿರಲಿಲ್ಲ. ನನ್ನ ಕೈ ನಡುಗಿ, ತೊಗರಿಬೇಳೆಯಷ್ಟಿದ್ದ ಆ ಚಿನ್ನದ ಚೂರು ನೆಲದ ಕಲ್ಲುಗಳ ಸಂದಿಗೆ ಉರುಳಿಹೋಗಬಹುದಿತ್ತು. ಎಲ್ಲಕ್ಕಿಂತ ದೊಡ್ಡ ಫಜೀತಿಯೆಂದರೆ, ಗೋದಕ್ಕನಿಗಿಂತ ಮೊದಲು ನಾನೇ ಸತ್ತುಹೋಗಬಹುದಿತ್ತು. ಆಗ ನನಗೆ ಮೂವತ್ತು ದಾಟಿತ್ತು ಅಷ್ಟೆ. ಆದರೆ ಚಿಂತೆ ಮಾಡುವವನಿಗೆ ವಯಸ್ಸಿನ ಹಂಗಿಲ್ಲ.

ಇವುಗಳಲ್ಲಿ ಒಂದೂ ಆಗಲಿಲ್ಲ. ಆದದ್ದು ಬೇರೆ. ಅದು ಎಷ್ಟು ಸಣ್ಣದೆಂದರೆ, ಇಷ್ಟು ವರ್ಷ ಯಾರಿಗೂ ಹೇಳಲು ನಾಚಿಕೆಯಾಗುತ್ತಿತ್ತು.

ಈಗ ಯಾಕೆ ಹೇಳುತ್ತಿದ್ದೇನೆ ಎಂದರೆ, ಕಳೆದ ಭಾನುವಾರ ನಮ್ಮ ಎದುರುಮನೆಗೆ ಹೊಸದಾಗಿ ಬಂದಿರುವ ಬ್ಯಾಂಕಿನ ತರುಣರೊಬ್ಬರು ಬಗಲಲ್ಲಿ ಒಂದು ಡಬ್ಬಿ ಇಟ್ಟುಕೊಂಡು ಬಂದರು. ಕಾಫಿ ಮುಗಿಯುವ ತನಕ ಹವಾಮಾನ ಮಾತಾಡಿ, ಆಮೇಲೆ ಪ್ರೇಮಪತ್ರ ತೆಗೆಯುವವರ ಹಾಗೆ ಆ ಡಬ್ಬಿಯನ್ನು ತೆಗೆದರು. ಒಳಗೆ ನಾಣ್ಯಗಳು. 'ಈ ವಾರ ಸಿಕ್ಕಿದ್ದು ಸಾರ್. ನಿಮಗೂ ಹಿಂದೆ ಈ ಹುಚ್ಚು ಇತ್ತಂತೆ' ಎಂದರು. ಹೇಳಿದವಳು ನನ್ನ ಹೆಂಡತಿಯೇ ಇರಬೇಕು. ನಾನು ಒಂದನ್ನು ಎತ್ತಿ ನೋಡಿ, ಹೊಗಳಿ, ವಾಪಸು ಇಟ್ಟೆ. ಅವರು ಹೋದ ಮೇಲೆ ಬೆರಳುಗಳಿಂದ ಹಳೆಯ ತಾಮ್ರದ ಆ ವಾಸನೆ ಬಂತು ನೋಡಿ, ಬೆವರೂ ಕಿಲುಬೂ ಬೆರೆತ, ಎಷ್ಟೋ ಅಂಗೈಗಳ ವಾಸನೆ! ನಾನು ಮತ್ತೆ ಕಾಶಿಯಲ್ಲಿ, ಸೋನಾರ್‌ಪುರದ ಹೋಮಿಯೋಪತಿ ದವಾಖಾನೆಯ ಬೆಂಚಿನ ಮೇಲೆ ಕೂತಿದ್ದೆ.

ಎಪ್ಪತ್ತರ ದಶಕದಲ್ಲಿ ನಾನು ಬೆಂಗಳೂರಿನ ಒಬ್ಬ ರೇಷ್ಮೆ ನೂಲಿನ ವ್ಯಾಪಾರಿಯ ಪರವಾಗಿ ಬನಾರಸ್ಸಿನಲ್ಲಿದ್ದೆ. ಬನಾರಸ್ ಸೀರೆ ಎಂದು ನೀವು ಮದುವೆಗಳಲ್ಲಿ ಕಣ್ಣರಳಿಸಿ ನೋಡುವುದರಲ್ಲಿ ನಮ್ಮ ಕಡೆಯ ಹುಳು ನೂತ ಎಳೆ ಎಷ್ಟಿದೆ ಎಂದು ಹೇಳಿದರೆ ಆ ಊರಿನವರು ಇಂದಿಗೂ ಒಪ್ಪುವುದಿಲ್ಲ. ನನ್ನ ಕೆಲಸ ನೂಲಿಗೆ ತೇವ ಹತ್ತದಂತೆ ನೋಡಿಕೊಳ್ಳುವುದು ಮತ್ತು ನೇಕಾರರ ಬೈಗುಳ ಕೇಳುವುದು. ಇವೆರಡರಿಂದ ಬಿಡುವು ಸಿಗುವುದು ಭಾನುವಾರ. ಭಾನುವಾರ ನಾವು ನಾಣ್ಯ ನೋಡುವವರು ಸೇರುತ್ತಿದ್ದೆವು.

ನಮ್ಮ ಗುಂಪಿಗೆ ಹೆಸರಿರಲಿಲ್ಲ. ಸೇರುತ್ತಿದ್ದದ್ದು ಸೋನಾರ್‌ಪುರದ ಮುಖ್ಯ ರಸ್ತೆಯಲ್ಲಿ, ನಾವೆಲ್ಲ ಡಾಕ್ಟರ್ ಬಾಬು ಎಂದು ಕರೆಯುತ್ತಿದ್ದ ವೃದ್ಧ ಬಂಗಾಲಿ ಹೋಮಿಯೋಪತಿ ವೈದ್ಯರ ದವಾಖಾನೆಯಲ್ಲಿ. ಅಲ್ಲಿ ನಮ್ಮ ಕನ್ನಡದ ಕುಲಕರ್ಣಿ ಮಾಸ್ತರು ಇದ್ದರು. ಧಾರವಾಡದ ಕಡೆ ಶಾಲೆ ಕಲಿಸಿ, ನಿವೃತ್ತರಾಗಿ, ಹೆಂಡತಿ ತೀರಿಕೊಂಡ ಮೇಲೆ ಕಾಶಿಗೆ ಬಂದು ಜಂಗಮವಾಡಿಯ ಒಂದು ಕೋಣೆಯಲ್ಲಿ ಇರುತ್ತಿದ್ದವರು. ಠಠೇರಿ ಬಜಾರಿನ ಕಂಚುಗಾರರ ಅಂಗಡಿಗಳಿಂದ ಹಳೆಯ ಪೈಸೆಗಳನ್ನು ಸೇರಿನ ಲೆಕ್ಕದಲ್ಲಿ ತೂಗಿಸಿ ತಂದು, ಚೀಲದ ತುಂಬ ಕಸ ಸೋಸಿ ಒಂದು ಒಳ್ಳೆಯದನ್ನು ಹೆಕ್ಕುವ ಗುಪ್ತಾಜಿ ಇದ್ದರು. ಬಂದುಹೋಗುವ ಇನ್ನೊಬ್ಬಿಬ್ಬರು. ಮತ್ತು ನಾನು, ಮಾಸ್ತರ ಬಾಯಲ್ಲಿ 'ಮೈಸೂರವರು'. ಗುಂಪಿನಲ್ಲಿ ನನ್ನ ವಿಶೇಷ ಸ್ಥಾನವೆಂದರೆ ನಕಲಿ ನಾಣ್ಯ ಕೊಳ್ಳುವವನದು. ಒಮ್ಮೆ ಬಹಳ ಹೆಮ್ಮೆಯಿಂದ ಅಕ್ಬರನ ಕಾಲದ ಬೆಳ್ಳಿ ರೂಪಾಯಿ ಒಯ್ದಿದ್ದೆ. ಡಾಕ್ಟರ್ ಬಾಬು ಭೂತಕನ್ನಡಿ ಹಿಡಿದು ಬಹಳ ಹೊತ್ತು ನೋಡಿ, ಕನ್ನಡಕ ತೆಗೆದು ಒರೆಸಿಕೊಂಡು, 'ಈ ಅಕ್ಬರ್ ನನಗಿಂತ ಚಿಕ್ಕವನು' ಎಂದರು. ಗುಪ್ತಾಜಿ ವೀಳ್ಯದೆಲೆ ತುಂಬಿದ ಬಾಯಿಯನ್ನು ಆಕಾಶಕ್ಕೆತ್ತಿ, 'ಅರೆ ಗುರು, ಕೊನೇ ಪಕ್ಷ ಆರಲಾದರೂ ಬಿಟ್ಟು ತರಬೇಕಿತ್ತು' ಎಂದರು.

ನಮಗೆ ಕೆಲವು ಕಟ್ಟಳೆಗಳಿದ್ದವು. ಹೊಸದಾಗಿ ಸಿಕ್ಕಿದ್ದನ್ನು ಕೈಯಿಂದ ಕೈಗೆ ಕೊಡುವಂತಿಲ್ಲ. ಕಪ್ಪು ಬಟ್ಟೆ ಹಾಸಿದ ಒಂದು ತಟ್ಟೆಯಲ್ಲಿಟ್ಟು ಎಡಕ್ಕೆ ಸರಿಸಬೇಕು. ಎಲ್ಲರೂ ನೋಡಿ ಮುಗಿಸುವ ತನಕ ಯಾರೂ ಮಾತಾಡಬಾರದು. ಮೊಟ್ಟಮೊದಲ ಕಟ್ಟಳೆ, ಇದು ಎಲ್ಲಿಂದ ಬಂತು ಎಂದು ಕೇಳಬಾರದು. ಹಳೆಯ ವಸ್ತುಗಳ ಬಗ್ಗೆ ಸರ್ಕಾರ ಹೊಸ ಕಾನೂನು ಮಾಡಿದೆಯಂತೆ ಎಂಬ ಗುಸುಗುಸು ಆಗ ಇತ್ತು. ಪೊಲೀಸರು ಬಂದಾರೆಂಬ ಭಯಕ್ಕೆ ನಾನು ನನ್ನ ನಕಲಿ ಸಂಗ್ರಹವನ್ನು ಅಕ್ಕಿ ಡಬ್ಬಿಯಲ್ಲಿ ಹುಗಿಸಿಟ್ಟಿದ್ದೆ. ಹೆಂಡತಿ ಅದರಲ್ಲಿ ಒಬ್ಬ ಜಹಾಂಗೀರನನ್ನು ಅನ್ನದ ಜೊತೆ ಬೇಯಿಸಿ ನನಗೇ ಬಡಿಸಿದಳು. ಆದರೆ ಆ ಕಟ್ಟಳೆ ಕಾನೂನಿಗಿಂತ ಹಳೆಯದು. ನಾಣ್ಯವೆಂದರೆ ಯಾರೋ ಕಳೆದುಕೊಂಡದ್ದು ತಾನೇ? ಕಳೆದುಕೊಂಡವರ ಹೆಸರು ಕೇಳುತ್ತ ಹೋದರೆ ನೋಡುವ ಸುಖ ಉಳಿಯುವುದಿಲ್ಲ ಎಂದು ಡಾಕ್ಟರ್ ಬಾಬು ಹೇಳುತ್ತಿದ್ದರು. ಎರಡು ಇದ್ದವನು ಒಂದನ್ನು ಕೊಟ್ಟು, ತನ್ನಲ್ಲಿಲ್ಲದ್ದನ್ನು ತೆಗೆದುಕೊಳ್ಳುವುದು ನಮ್ಮಲ್ಲಿ ಗೌರವದ ವ್ಯವಹಾರ. ಅದಕ್ಕೆ ಮಾಸ್ತರು ಬದಲಿ ಎನ್ನುತ್ತಿದ್ದರು. ಬದಲಿ ಕೊಡಲೆಂದೇ ಅವರ ಕೋಟಿನ ಒಳಜೇಬಿನಲ್ಲಿ ಸದಾ ಕಾಗದದ ಸಣ್ಣ ಸಣ್ಣ ಪೊಟ್ಟಣಗಳು.

ಇನ್ನು ಗೋದಕ್ಕ. ನಾವಿದ್ದದ್ದು ಬಂಗಾಲಿ ಟೋಲಾದ, ಯಾತ್ರಿಕರಿಗೆ ಕೋಣೆ ಕೊಡುವ ಒಂದು ಹಳೆಯ ಮನೆಯ ಮೇಲಂತಸ್ತಿನಲ್ಲಿ. ಕೆಳಗೆ, ಬಾವಿಗೆ ಹತ್ತಿದ ಕತ್ತಲೆ ಕೋಣೆಯಲ್ಲಿ ಆಕೆ. ಬಾಗಲಕೋಟೆಯ ಕಡೆಯವಳು. ಸಾಯಲೆಂದು ಕಾಶಿಗೆ ಬಂದು, ಸಾವು ಬಾರದೆ, ಬಂದ ಕೆಲಸ ಆಗಲಿಲ್ಲವೆಂದು ಸಿಡಿಮಿಡಿಗೊಂಡು ಬದುಕುತ್ತಿದ್ದವಳು. ಕೆಂಪು ಸೀರೆ, ತಲೆತುಂಬ ಸೆರಗು, ಸೊಂಟ ಬಾಗಿದ್ದರೂ ನಾಲಿಗೆ ನೆಟ್ಟಗೆ. ಹಿಂದಿಯಲ್ಲಿ ಆಕೆಗೆ ಬರುತ್ತಿದ್ದದ್ದು ತರಕಾರಿಯ ಹೆಸರುಗಳು ಮತ್ತು ಬೈಗುಳ. ತರಕಾರಿಯವನ ಜೊತೆ ಚೌಕಾಸಿ ಮಾಡುವಾಗ ಎರಡನ್ನೂ ಬೆರೆಸುತ್ತಿದ್ದಳು.

'ಗಡ್ಡಾ ಮೀಸಿ ಬಂದ ಗಂಡಸರು ಐತವಾರಕ್ಕೊಮ್ಮೆ ಕೂಡಿ ಪೈಸಾ ತೋರಿಸ್ಕೋತ ಕೂಡ್ತೀರೇನೋ ತಮ್ಮಾ?' ಎಂದು ಆಕೆ ಒಮ್ಮೆ ಕೇಳಿದಳು. 'ಖರ್ಚಾಗಲಾರದ ಪೈಸಾ ಇಟ್ಕೊಂಡು ಏನ್ ಮಾಡೋದು?'

'ನೋಡೋದು ಗೋದಕ್ಕಾ.'

'ಬರೇ ನೋಡೋದು?'

'ಬರೀ ನೋಡೋದು.'

ಆಕೆ ಸೆರಗಿನ ತುದಿ ಹಿಡಿದು, 'ಹಂಗಾದರ ನನ್ನ ಹತ್ರಾನೂ ಒಂದದ' ಎಂದಳು.

ಹಣ ಎಂಬ ಮಾತನ್ನು ನಾವು ಈಗ ಎಷ್ಟು ಸಲೀಸಾಗಿ ಆಡುತ್ತೇವೆ. ನಮ್ಮ ಹಿರಿಯರಿಗೆ ಹಣವೆಂದರೆ ಒಂದು ನಿರ್ದಿಷ್ಟ ವಸ್ತು, ತೊಗರಿಬೇಳೆಯಷ್ಟು ಅಗಲದ ಚಿನ್ನದ ನಾಣ್ಯ. ಕೆಮ್ಮಿದರೆ ಹಾರಿಹೋಗುವಷ್ಟು ಹಗುರ. ಗೋದಕ್ಕನ ಸೆರಗಿನ ತುದಿಯಲ್ಲಿ, ಗಂಟಿನೊಳಗೆ ಗಂಟು, ಅದರೊಳಗೆ ಇದ್ದದ್ದು ಅಂಥದೊಂದು. ಒಂದು ಬದಿಗೆ ಬಳ್ಳಿ. ಇನ್ನೊಂದು ಬದಿಗೆ ಆನೆ. ಅಷ್ಟೇ ಆಗಿದ್ದರೆ ಮಾಸ್ತರ ಬಳಿಯೂ ಅಂಥವಿದ್ದವು. ಇದರ ಆನೆ ಸೊಂಡಿಲನ್ನು ಮೇಲೆತ್ತಿತ್ತು, ಯಾರನ್ನೋ ಕರೆಯುವ ಹಾಗೆ.

ಅದನ್ನು ಆಕೆ ನನ್ನ ಕೈಗೆ ಕೊಡಲಿಲ್ಲ. 'ನಿಮ್ಮ ಸಭಾಕ್ಕ ನಾನs ಬಂದು ತೋರಸ್ತೀನಿ' ಎಂದಳು. ನನಗೆ ಆ ವಾರವಿಡೀ ನಿದ್ದೆಯಿಲ್ಲ. ಮುದುಕಿಯನ್ನು ರಿಕ್ಷಾದಲ್ಲಿ ಕೂಡಿಸುವುದು ಹೇಗೆ, ಗೋದೌಲಿಯಾ ಕಡೆಯಿಂದ ಬರುವ ಗೂಳಿ ಅಡ್ಡ ಬಂದರೆ ಹೇಗೆ, ಬೇರೆಯವರ ಮನೆಯಲ್ಲಿ ಆಕೆಯ ಮಡಿ ಕೆಟ್ಟರೆ ನನ್ನನ್ನು ಎಷ್ಟು ತಿಂಗಳು ಬೈಯಬಹುದು. ಭಾನುವಾರ ಬಂತು. ಗೂಳಿ ದೂರದಿಂದಲೇ ಆಕೆಯನ್ನು ನೋಡಿ ದಾರಿ ಬಿಟ್ಟಿತು.

ಆಕೆ ರೋಗಿಗಳ ಬೆಂಚಿನ ಮೇಲೆ ಕೂತಳು. ಗುಪ್ತಾಜಿ ಎದ್ದು ಕೈಮುಗಿದು, 'ಕಾ ಗುರು, ಅಮ್ಮಾಜಿಯವರನ್ನೂ ಹುಚ್ಚರ ಗುಂಪಿಗೆ ಸೇರಿಸಿಬಿಟ್ಟಿರಾ?' ಎಂದರು. ತಟ್ಟೆ ಬಂತು. ಗೋದಕ್ಕ ಗಂಟು ಬಿಚ್ಚಿ ಹಣವನ್ನು ಕಪ್ಪು ಬಟ್ಟೆಯ ಮೇಲಿಟ್ಟಳು. ತಟ್ಟೆ ಎಡಕ್ಕೆ ಸರಿಯಿತು. ಡಾಕ್ಟರ್ ಬಾಬು ನೋಡಿ ಕನ್ನಡಕ ಒರೆಸಿಕೊಳ್ಳಲಿಲ್ಲ. ಅದು ಒಳ್ಳೆಯ ಲಕ್ಷಣ. ಗುಪ್ತಾಜಿ ಎಲೆ ಅಗಿಯುವುದನ್ನು ನಿಲ್ಲಿಸಿದರು. ಮಾಸ್ತರ ಬಳಿ ತಟ್ಟೆ ನಿಂತುಬಿಟ್ಟಿತು. ಮಗ್ಗಿ ಮರೆತ ಹುಡುಗ ಗುರುಗಳ ಮುಖ ನೋಡುವ ಹಾಗೆ ಅವರು ಆ ಆನೆಯನ್ನು ನೋಡುತ್ತಿದ್ದರು.

'ಇಂಥಾದ್ದು ಯಾವ ಪುಸ್ತಕದಾಗೂ ಇಲ್ಲ' ಎಂದರು ಕೊನೆಗೆ, ಬಹಳ ಮೆತ್ತಗೆ. 'ಗೋದಕ್ಕಾ, ಬದಲಿ ಕೊಡ್ತೀನ್ರಿ. ಇದಕ್ಕ ಇಂಥಾವು ಹತ್ತು ಕೊಡ್ತೀನಿ.'

'ಹತ್ತು ತಗೊಂಡು ಏನ್ ಮಾಡ್ಲಿ? ನನಗ ಇರೋದು ಒಂದs ಬಾಯಿ.'

ಎಲ್ಲರೂ ನಕ್ಕರು. ಆಮೇಲೆ ಆಕೆ ವಿಷಯ ಹೇಳಿದಳು. ಮಾಸ್ತರು ಒಂದೊಂದು ಮಾತನ್ನೂ ಹಿಂದಿಗೆ ತಿರುಗಿಸಿ ಉಳಿದವರಿಗೆ ಹೇಳಿದರು. ಸಾಯುವವರ ಬಾಯಿಗೆ ತುಳಸಿ, ಗಂಗೆಯ ಜೊತೆ ಒಂದು ಚೂರು ಬಂಗಾರ ಇಡುವುದು ನಿಮಗೆ ಗೊತ್ತೇ ಇದೆ. ಗೋದಕ್ಕನ ಅತ್ತೆಯ ಪೆಟ್ಟಿಗೆಯಲ್ಲಿ ಇಂಥವು ಜೋಡಿ ಇದ್ದವಂತೆ, ಒಂದೇ ಅಚ್ಚಿನಲ್ಲಿ ಹೊಡೆದವು. ಗೋದಕ್ಕನಿಗೆ ಹನ್ನೊಂದು ವರ್ಷವಾಗಿದ್ದಾಗ ಗಂಡ ಜ್ವರದಲ್ಲಿ ತೀರಿಕೊಂಡ. ಅವನಿಗೆ ಹದಿನಾರು. ಒಂದನ್ನು ಅವನ ಬಾಯಿಗೆ ಇಟ್ಟರು. ಇನ್ನೊಂದನ್ನು ಅತ್ತೆ ಇವಳ ಸೆರಗಿಗೆ ಕಟ್ಟಿದಳು.

'ನಮ್ಮತ್ತಿ ಅಂದಳು, ಇದನ್ನ ಕಳಕೋಬ್ಯಾಡ, ಅಲ್ಲೆ ಅವ ಗುರುತು ಹಿಡೀಬೇಕಲ್ಲ ಅಂತ. ಖರೇನ ಅಲ್ಲೇನ್ರಿ? ಆಗ ನಾ ಹಿಂಗ ಇದ್ದೆ' ಎಂದು ಗೋದಕ್ಕ ಕೈಯನ್ನು ಕೂತಿದ್ದ ತನ್ನ ಭುಜದ ಮಟ್ಟಕ್ಕೆ ಹಿಡಿದಳು. 'ಉದ್ದ ಜಡಿ ಇತ್ತು. ಈಗ ಈ ಬೋಳು ತಲಿ, ಬೊಚ್ಚು ಬಾಯಿ ನೋಡಿ ಅವ ನನ್ನ ಯಾರು ಅಂತಾನ? ಅವ ಅಲ್ಲೆ ಹದಿನಾರರ ಹುಡುಗನs ಇರ್ತಾನ. ಅವಗ ಹೇಳ್ಲಿಕ್ಕೆ ನನಗ ಬಾಯಿ ಬರೂದಿಲ್ಲ. ಇದನ್ನ ತೋರಿಸ್ತೀನಿ. ಅವ ತನ್ನದು ತಗದು ನೋಡ್ತಾನ. ಮುಗೀತು.'

ಮಾಸ್ತರು ಕೊನೆಯ ವಾಕ್ಯವನ್ನು ಹಿಂದಿಗೆ ತಿರುಗಿಸುವಾಗ ಕೋಟಿನ ತೋಳಿನಿಂದ ಕಣ್ಣು ಒರೆಸಿಕೊಂಡರು. ನಾನು ಕಣ್ಣಾರೆ ಕಂಡದ್ದು ಇದು. ಇವತ್ತಿಗೂ ಅದು ನಾಟಕವಾಗಿತ್ತೆಂದು ನಾನು ಹೇಳಲಾರೆ.

ಮನೆಗೆ ಬರುವಾಗ ರಿಕ್ಷಾದಲ್ಲಿ ಗೋದಕ್ಕ, 'ತಮ್ಮಾ, ನನ್ನ ಬಾಯಾಗ ಇದನ್ನ ಹಾಕೋ ಕೆಲಸ ನಿಂದು' ಎಂದಳು.

'ನಾನೇ ಯಾಕೆ ಗೋದಕ್ಕಾ?'

'ನೀ ಅಂಜುಬುರುಕ ಇದ್ದಿ. ಅಂಜಾವ ಮರೆಯೂದಿಲ್ಲ.'

ನನ್ನ ಗುಣಕ್ಕೆ ಸಿಕ್ಕ ಒಂದೇ ಒಂದು ಪ್ರಶಸ್ತಿ ಅದು. ಅಂದಿನಿಂದ ನಾನು ನಿಜವಾಗಿಯೂ ದುಡಿದೆ. ಮನೆಯ ಯಜಮಾನನ ಮೇಲೆ ಕಣ್ಣಿಟ್ಟೆ. ಪಕ್ಕದ ಕೋಣೆಯಲ್ಲಿದ್ದ ತೆಲುಗು ಅಜ್ಜಿಯ ಮೇಲೆ ಕಣ್ಣಿಟ್ಟೆ. ನೀರು ಹೊರುವವನು ಗೋದಕ್ಕನ ಕೋಣೆಯ ಮುಂದೆ ಕೆಮ್ಮಿದರೆ ಮೇಲಿನಿಂದ ಬಗ್ಗಿ ನೋಡುತ್ತಿದ್ದೆ. ಗುಪ್ತಾಜಿ ಒಮ್ಮೆ ಆಕೆಗೆಂದು ಪೇಡಾ ಕಳಿಸಿದಾಗ ಅದರಲ್ಲಿ ಏನಿದ್ದೀತೆಂದು ಶಂಕಿಸಿ, ಪರೀಕ್ಷೆಗಾಗಿ ನಾನೇ ತಿಂದು ಮುಗಿಸಿದೆ. ಊರಿಗೆ ಹೋಗುವ ಕೆಲಸ ಬಂದಾಗಲೆಲ್ಲ ನೆಪ ಹೇಳಿ ತಪ್ಪಿಸಿಕೊಂಡೆ. ಬೆಂಗಳೂರಿನ ಯಜಮಾನರು ನಾನು ಅಲ್ಲಿ ಇನ್ನೊಂದು ಸಂಸಾರ ಹೂಡಿದ್ದೇನೆಂದು ನಂಬಿದ್ದರು.

ಮಾಸ್ತರು ಬರುತ್ತಿದ್ದದ್ದು ನನಗೆ ದೊಡ್ಡ ಧೈರ್ಯ. ಆ ಭಾನುವಾರದ ನಂತರ ಅವರು ವಾರಕ್ಕೆರಡು ಸಲವಾದರೂ ಜಂಗಮವಾಡಿಯಿಂದ ನಡೆದುಕೊಂಡೇ ಬಂದು, ಬಾವಿಕಟ್ಟೆಯ ಮೇಲೆ ಕೂತು ಗೋದಕ್ಕನಿಗೆ ಪುರಾಣ ಓದಿ ಹೇಳುತ್ತಿದ್ದರು. ಆಕೆ ಮಧ್ಯೆ ಮಧ್ಯೆ ಪುರಾಣದ ಪಾತ್ರಗಳನ್ನು ಬೈಯುತ್ತಿದ್ದಳು. ಇಬ್ಬರೂ ಜೋಳದ ರೊಟ್ಟಿಯ ಮಾತಾಡುತ್ತಿದ್ದರು. ಈ ಊರಿನ ಜೋಳ ತಟ್ಟಲಿಕ್ಕೆ ಬರುವುದಿಲ್ಲ, ಹರಿಯುತ್ತದೆ ಎಂದು ಇಬ್ಬರಿಗೂ ಒಂದೇ ದುಃಖ. ಆಕೆಯ ಕಣ್ಣಿಗೆ ಪೊರೆ ಬಂದಿತ್ತು, ಬೆರಳು ಬಗ್ಗುತ್ತಿರಲಿಲ್ಲ. ಸೀರೆ ಬದಲಿಸಿದಾಗ ಸೆರಗಿಗೆ ಗಂಟು ಹಾಕಲು ಮೊದಲು ನನ್ನ ಹೆಂಡತಿಯನ್ನು ಕೂಗುತ್ತಿದ್ದಳು. ಒಂದು ಮಧ್ಯಾಹ್ನ ನಾನು ಮೆಟ್ಟಿಲಿಳಿದು ಬರುವಾಗ ಮಾಸ್ತರು ಆಕೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಪುಸ್ತಕ ಬದಿಗಿಟ್ಟು, ಗಂಟು ಬಿಗಿಯುತ್ತಿದ್ದರು. 'ಹಿಂಗ ಕಟ್ಟಿದರ ಯಮಧರ್ಮನ ಕೈಲೂ ಬಿಚ್ಚಾಗೂದಿಲ್ಲ ನೋಡ್ರಿ' ಎನ್ನುತ್ತಿದ್ದರು. ಆಕೆ ನಗುತ್ತಿದ್ದಳು. ನನ್ನ ಭಾರ ಇಳಿದಂತಾಗಿ ನಾನು ಆ ದಿನ ಹೊಟ್ಟೆ ತುಂಬ ಊಟ ಮಾಡಿದೆ.

ಗೋದಕ್ಕ ಹೋದದ್ದು ಬೇಸಿಗೆಯಲ್ಲಿ, ಲೂ ಎಂಬ ಬಿಸಿಗಾಳಿ ಬೀಸುವ ಒಂದು ಹಗಲು. ನನಗೆ ಸಣ್ಣ ಜ್ವರ ಬಂದು ಕೆಲಸಕ್ಕೆ ಹೋಗಿರಲಿಲ್ಲ, ಹಾಗಾಗಿ ಮನೆಯಲ್ಲೇ ಇದ್ದೆ. ನದಿ ತಗ್ಗಿ ಮೆಟ್ಟಿಲುಗಳೆಲ್ಲ ಬರಿದಾಗಿದ್ದವು. ಬೆಳಿಗ್ಗೆಯೇ ಉಸಿರು ಬದಲಾಗಿದ್ದರಿಂದ ಭಟ್ಟರಿಗೆ ಹೇಳಿಕಳಿಸಲು ವೇಳೆಯಿತ್ತು. ಕನ್ನಡದ ಭಟ್ಟರೇ ಸಿಕ್ಕರು. ಮಾಸ್ತರೂ ಬಂದರು. ತೆಲುಗು ಅಜ್ಜಿ ವಿಷ್ಣುವಿನ ಹೆಸರುಗಳನ್ನು ಹೇಳುತ್ತಿದ್ದಳು. ಹಲ್ಲು ಕಚ್ಚುವ ಮಾತೇ ಇಲ್ಲ, ಗೋದಕ್ಕನ ಬಾಯಿ ತಾನಾಗಿಯೇ ತೆರೆದಿತ್ತು. ನನ್ನ ಕೈ ಕೂಡ, ನೀವು ನಂಬುವುದಿಲ್ಲ, ನಡುಗಲಿಲ್ಲ. ಗಂಟು ಬಿಗಿಯಾಗಿತ್ತು. ಹಲ್ಲಿನಿಂದ ಎಳೆದು ಬಿಚ್ಚಿ, ಒಳಗಿನದನ್ನು ಅಂಗೈಗೆ ಹಾಕಿಕೊಂಡೆ.

ಆನೆಯಿತ್ತು. ಅದರ ಸೊಂಡಿಲು ಕೆಳಗೆ ಇಳಿಬಿದ್ದಿತ್ತು.

ಬೆಳಕು ಸಾಲದೆಂದು ಬಾಗಿಲ ಕಡೆ ತಿರುಗಿ ನೋಡಿದೆ. ತಿರುವಿ ನೋಡಿದೆ. ಬಳ್ಳಿ ಸರಿಯಾಗಿತ್ತು, ಅಂಚು ಸರಿಯಾಗಿತ್ತು, ನಕಲಿಯೂ ಅಲ್ಲ. ನಕಲಿಯ ವಿಷಯದಲ್ಲಿ ನನ್ನಷ್ಟು ಅನುಭವಿ ಕಾಶಿಯಲ್ಲಿ ಯಾರೂ ಇರಲಿಲ್ಲ. ಅದು ಒಳ್ಳೆಯ, ಹಳೆಯ, ಅಪ್ಪಟ ಚಿನ್ನದ ಹಣ. ಗೋದಕ್ಕನದಲ್ಲ, ಅಷ್ಟೆ. ತಲೆಯೆತ್ತಿದೆ. ನಾನಿನ್ನೂ ಒಂದು ಮಾತೂ ಆಡಿರಲಿಲ್ಲ.

'ಹಾಕ್ರಿ' ಎಂದರು ಮಾಸ್ತರು, ಗಂಗೆಯ ತಂಬಿಗೆ ಹಿಡಿದುಕೊಂಡು, ನನ್ನ ಕಿವಿಗಷ್ಟೇ ಕೇಳುವ ಹಾಗೆ. 'ತೂಕದಾಗ ಏನೂ ಕಮ್ಮಿ ಇಲ್ಲ.'

'ಗೋದಕ್ಕನದು ಎಲ್ಲಿ?'

'ಈಗ ಆ ಮಾತು ಬ್ಯಾಡ.'

'ಎಲ್ಲಿ ಮಾಸ್ತರೇ?'

'ಮನ್ಯಾಗ ಅದ. ಹೋಗಿ ಬರೂದ್ರಾಗ ಆಕಿ ಇರ್ತಾಳೇನು? ಹಾಕ್ರಿ ಸುಮ್ನ.'

'ಏನದು ನಿಮ್ಮದು? ಹೊತ್ತು ಮೀರ್ತದ' ಎಂದರು ಭಟ್ಟರು. ತೆಲುಗು ಅಜ್ಜಿ ಹೆಸರು ಹೇಳುವುದನ್ನು ನಿಲ್ಲಿಸಿ ನಮ್ಮನ್ನೇ ನೋಡಿದಳು. ಗೋದಕ್ಕನ ಬಾಯಿ ಕಾಯುತ್ತಿತ್ತು. ಅದರೊಳಗೆ ಏನನ್ನೂ ಇಡದೆ ಕಳಿಸುವುದು ಹೇಗೆ? ಇಟ್ಟೆ. ಮಾಸ್ತರು ಮೇಲಿನಿಂದ ಗಂಗೆ ಬಿಟ್ಟರು. ಆಕೆಯ ನಾಲಿಗೆ ಒಮ್ಮೆ ಸಣ್ಣಗೆ ಆಡಿತು, ತರಕಾರಿಯವನ ಮಾಲನ್ನು ಬೆರಳಿನಿಂದ ಮುಟ್ಟಿ ನೋಡುವ ಹಾಗೆ. ಆಮೇಲೆ ಆಡಲಿಲ್ಲ. ಸಂಜೆಯೊಳಗೆ ಹರಿಶ್ಚಂದ್ರ ಘಾಟಿನಲ್ಲಿ ಎಲ್ಲ ಸಾಂಗವಾಗಿ ಮುಗಿಯಿತು. ಚಟ್ಟಕ್ಕೆ ಹೆಗಲು ಕೊಟ್ಟವರಲ್ಲಿ ಮಾಸ್ತರೂ ಒಬ್ಬರು.

ಭಾನುವಾರದ ತನಕ ನಾನು ಭಾಷಣ ತಯಾರಿಸಿದೆ. ಹಿಂದಿಯಲ್ಲಿ. ಲಿಂಗ ತಪ್ಪಬಾರದೆಂದು ಒಂದೊಂದು ಕ್ರಿಯಾಪದವನ್ನೂ ಎರಡೆರಡು ಸಲ ಪರೀಕ್ಷಿಸಿಕೊಂಡೆ. ದವಾಖಾನೆಯಲ್ಲಿ ಎಲ್ಲರೂ ಸೇರಿದ ಮೇಲೆ, ತಟ್ಟೆ ಹೊರಡುವ ಮೊದಲೇ ಎದ್ದು ನಿಂತು ಎಲ್ಲವನ್ನೂ ಹೇಳಿದೆ. ಗೋದಕ್ಕನ ಗಂಟು, ಬದಲಾದ ಆನೆ, ಸಾವಿನ ಮುಂದೆ ಮಾಸ್ತರು ಆಡಿದ ಮಾತು. ಮಾಸ್ತರು ತಲೆತಗ್ಗಿಸಬಹುದು, ಅಳಬಹುದು, ಇಲ್ಲವೆನ್ನಬಹುದು, ಎದ್ದು ಹೊಡೆಯಬಹುದು, ಎಲ್ಲಕ್ಕೂ ಸಿದ್ಧನಾಗಿದ್ದೆ.

ಅವರು ಶಾಂತವಾಗಿ ಹೇಳಿದರು: 'ಹೌದು, ಬದಲಿ ತಗೊಂಡೀನಿ. ಬಂಗಾರಕ್ಕ ಬಂಗಾರ ಕೊಟ್ಟೀನಿ. ಮೈಸೂರವರ, ನೀವs ಹೇಳ್ರಿ, ಆಕಿ ಬಾಯಾಗ ಇಟ್ಟಿದ್ದು ಈಗ ಎಲ್ಲದ?'

ನನ್ನ ಉತ್ತರಕ್ಕೆ ಅವರು ಕಾಯಲಿಲ್ಲ.

'ಘಾಟಿನ ಮಂದಿ ಮರುದಿನಾನs ಬೂದಿ ಸೋಸಿ ತಗದಿರ್ತಾರ. ಸೋನಾರನ ಮೂಸ್ಯಾಗ ಕರಗಿ ಯಾರದರೆ ಮೂಗುತಿ ಆಗಿರ್ತದ. ಜಗತ್ತಿನಾಗ ಇರೋ ಒಂದs ಒಂದು ಆನಿ, ಅದನ್ನ ಕರಗಸೂದು ನಿಮಗ ಛಲೋ ಕಂಡಿತ್ತೇನು? ಮುದುಕಿಗೇನು, ಬಂಗಾರ ಅಂದರ ಬಂಗಾರ.'

ಸುಟ್ಟ ಬೂದಿಯನ್ನು ಸೋಸುವುದು ನಿಜ. ಕಾಶಿಯಲ್ಲಿ ಅದು ಎಲ್ಲರಿಗೂ ಗೊತ್ತು. ಆದರೆ ಮುದುಕಿಗೆ ಬಂಗಾರವೆಂದರೆ ಬಂಗಾರ ಎಂಬ ಮಾತು ನನ್ನನ್ನು ಇವತ್ತಿಗೂ ಸುಡುತ್ತದೆ. ಆ ಕೋಣೆಯಲ್ಲಿ ಕೂತಿದ್ದ ನಮಗೆಲ್ಲ ಚಿನ್ನ ಮುಖ್ಯವಲ್ಲ, ಅಚ್ಚು ಮುಖ್ಯ. ಒಂದು ಗೆರೆ ಹೆಚ್ಚು ಕಡಿಮೆಯಾದರೆ ಅದು ಬೇರೆಯೇ ನಾಣ್ಯ ಎಂದು ಜೀವಮಾನವೆಲ್ಲ ವಾದಿಸಿದವರು ನಾವು. ನಮ್ಮ ಹಾಗೆಯೇ, ನಮಗಿಂತ ಹೆಚ್ಚಾಗಿ, ಅಚ್ಚನ್ನು ನಂಬಿದ ಇನ್ನೊಂದು ಜೀವ ಆ ಬೆಂಚಿನ ಮೇಲೆ ಬಂದು ಕೂತು, ಯಾಕೆ ನಂಬಿದ್ದೇನೆಂದೂ ಹೇಳಿಹೋಗಿತ್ತು. ಅದನ್ನು ಹಿಂದಿಗೆ ತಿರುಗಿಸಿ ಹೇಳಿದವರು ಮಾಸ್ತರೇ.

'ಆಕೆಯ ಗಂಡ ಗುರುತು ಹಿಡಿಯಬೇಕಿತ್ತಲ್ಲ ಮಾಸ್ತರೇ' ಎಂದೆ. ಕನ್ನಡದಲ್ಲೇ ಅಂದೆ; ತಯಾರಿಸಿದ್ದ ಹಿಂದಿ ಅಷ್ಟಕ್ಕೇ ಮುಗಿದಿತ್ತು.

ಮಾಸ್ತರು ನನ್ನನ್ನು ಕರುಣೆಯಿಂದ ನೋಡಿದರು. ಡಾಕ್ಟರ್ ಬಾಬು ಗಂಟಲು ಸರಿಮಾಡಿಕೊಂಡರು. ಗುಂಪಿಗೆ ಹಿರಿಯರು, ನ್ಯಾಯ ಹೇಳಬೇಕಾದವರು. ಎಲ್ಲರೂ ಅವರ ಕಡೆ ತಿರುಗಿದೆವು. ಅವರು ಬಹಳ ಹೊತ್ತು ಯೋಚಿಸಿ, ಕಪ್ಪು ಬಟ್ಟೆಯ ತಟ್ಟೆಯನ್ನು ಮಾಸ್ತರ ಮುಂದಕ್ಕೆ ಸರಿಸಿ, 'ತಂದಿದ್ದೀರಾ? ದೇಖಿ, ದೇಖಿ' ಎಂದರು.

ತಂದಿದ್ದರು. ಒಳಜೇಬಿನಿಂದ ಪೊಟ್ಟಣ ಹೊರಬಂತು. ಗುಪ್ತಾಜಿ ಬಾಯಿಯ ಎಲೆ ಉಗುಳಿ ಬಂದು, ಕೈ ಒರೆಸಿಕೊಂಡು, ಕುರ್ಚಿ ಹತ್ತಿರ ಎಳೆದುಕೊಂಡರು. ತಲೆಗಳೆಲ್ಲ ಒಂದೆಡೆ ಬಗ್ಗಿದವು. ನಿಂತಿದ್ದ ನನಗೆ ಕಾಣಿಸಿದ್ದು ನಾಲ್ಕು ಬೋಳು ನೆತ್ತಿಗಳು. ನಾನು ಹೊರಗೆ ಬಂದೆ. ಯಾರೂ ಕರೆಯಲಿಲ್ಲ. ಅರ್ಧ ದಾರಿ ನಡೆದ ಮೇಲೆ ಕಾಲು ಸುಟ್ಟಾಗ ಗೊತ್ತಾಯಿತು, ಚಪ್ಪಲಿ ಅಲ್ಲೇ ಬಿಟ್ಟಿದ್ದೆ. ವಾಪಸು ಹೋಗಿ ಹಾಕಿಕೊಳ್ಳುವುದು ಇಷ್ಟು ದೊಡ್ಡ ಸಿಟ್ಟಿಗೆ ಒಪ್ಪುವುದಿಲ್ಲವೆಂದು, ಮೇ ತಿಂಗಳ ಬಿಸಿಲಲ್ಲಿ ಕುಪ್ಪಳಿಸುತ್ತ ಮನೆ ಸೇರಿದೆ.

ಮಾಸ್ತರೂ ಹೋಗಿ ಬಹಳ ಕಾಲವಾಯಿತಂತೆ. ಅವರ ಬಾಯಿಗೆ ಯಾರು ಏನನ್ನು ಇಟ್ಟರೋ ಗೊತ್ತಿಲ್ಲ. ಅವರ ಸಂಗ್ರಹ ಯಾರದೋ ಪಾಲಾಗಿ, ಆ ಆನೆ ಈಗ ಯಾವುದೋ ಊರಿನ ಯಾವುದೋ ಡಬ್ಬಿಯಲ್ಲಿ ಸೊಂಡಿಲೆತ್ತಿಕೊಂಡು ನಿಂತಿರಬಹುದು, ಎದುರುಮನೆಯ ತರುಣರಂಥ ಒಬ್ಬ ಒಳ್ಳೆಯ ಮನುಷ್ಯ ಅದನ್ನು ಯಾರಿಗೋ ತೋರಿಸುತ್ತಿರಬಹುದು. ನೋಡಿದವರು ಕಳೆದುಕೊಂಡವರ ಹೆಸರು ಕೇಳುವುದಿಲ್ಲ.

ಈ ಭಾನುವಾರ ಆ ತರುಣರು ಮತ್ತೆ ಬಂದರು. ಡಬ್ಬಿ ತೆಗೆಯುವ ಮೊದಲೇ ನಾನು, 'ಇವೆಲ್ಲ ಯಾರ ಮನೆಯವು?' ಎಂದು ಕೇಳಿದೆ. ಅವರು ತಬ್ಬಿಬ್ಬಾದರು. 'ಅದನ್ನೆಲ್ಲ ಕೇಳೋ ಹಾಗಿಲ್ಲವಲ್ಲ ಸಾರ್' ಎಂದು ನಕ್ಕರು. ಕಾಫಿ ಅರ್ಧಕ್ಕೇ ಬಿಟ್ಟು ಎದ್ದುಹೋದರು. ಇನ್ನು ಬರಲಾರರು. ಹೆಂಡತಿ ಒಳಗಿನಿಂದ, 'ಬಂದವರನ್ನೆಲ್ಲ ಹೀಗೆ ಓಡಿಸಿಬಿಡಿ' ಎಂದಳು.

ಸತ್ತ ಮೇಲೆ ಇನ್ನೊಂದು ಕಡೆ ಇದೆಯೆಂದು ನಾನು ನಂಬುವವನಲ್ಲ. ಆದರೆ ಚಿಂತೆ ಮಾಡುವುದಕ್ಕೆ ನಂಬಿಕೆ ಬೇಕಿಲ್ಲ. ಅಲ್ಲಿ ಬಹಳ ಮಂದಿ ಸೇರಿರುತ್ತಾರೆ. ಬೆನ್ನು ಬಾಗಿದ ಒಬ್ಬ ಮುದುಕಿ ಎಲ್ಲರನ್ನೂ ಬೈಯುತ್ತ, ದಾರಿ ಬಿಡಿಸಿಕೊಳ್ಳುತ್ತ, ಮೀಸೆ ಮೂಡದ ಒಬ್ಬ ಹುಡುಗನ ಮುಂದೆ ಬಂದು ನಿಲ್ಲುತ್ತಾಳೆ. ಮಾತಾಡಲು ಬಾಯಿ ಬರುವುದಿಲ್ಲ. ನಾಚಿಕೊಂಡು ಅಂಗೈ ಚಾಚುತ್ತಾಳೆ. ಹುಡುಗ ಒಳ್ಳೆಯವನು; ಬಗ್ಗಿ ನೋಡುತ್ತಾನೆ, ತನ್ನದನ್ನು ತೆಗೆದು ಪಕ್ಕದಲ್ಲಿ ಹಿಡಿದು ಇನ್ನೊಮ್ಮೆ ನೋಡುತ್ತಾನೆ. ಆಮೇಲೆ ಬಹಳ ಮರ್ಯಾದೆಯಿಂದ ಹೇಳುತ್ತಾನೆ:

'ಇದು ಬ್ಯಾರೆ ಯಾರದೋ ಇರಬೇಕು ನೋಡ್ರಿ, ಅಜ್ಜಿ.'